ಮನೆಯ ಟೀವಿಗೆ ಕನ್ನಡ ಪಾಠ: ಕೇಬಲ್ ಕೊಳ್ಳುವ ಮೊದಲು

ತುರೋರಿಯಲ್ಲಿರಲಿ, ಉಮರಗಾ ಪೇಟೆಯಲ್ಲಿರಲಿ, ನಿಲಂಗಾ–ಉದಗೀರ ಕಡೆಯ ಹಳ್ಳಿಯಲ್ಲಿರಲಿ, ಗೋಡೆಗೆ ಹಾಕಿದ ಟೀವಿಯೊಂದು ಈಗ ಬಹಳ ಮನೆಗಳಲ್ಲಿದೆ. ಗುಂಡಿ ಒತ್ತಿದರೆ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ. ಡಿಶ್ ಇದ್ದವರಿಗೆ ಕನ್ನಡದ ಧಾರಾವಾಹಿಯೂ ಬರುತ್ತದೆ. ನಿಮ್ಮ ಮಗುವಿನ ಪುಸ್ತಕದ ಪಾಠ ಕನ್ನಡದಲ್ಲಿ ತಾನಾಗಿ ಬರುವುದಿಲ್ಲ. ಅದು ಸಿಕ್ಕುವುದು ಮೊಬೈಲಿನಲ್ಲಿ, ಇಲ್ಲವೆ ಯಾರದೋ ಹಳೆಯ ಲ್ಯಾಪ್‌ಟಾಪಿನಲ್ಲಿ. ಅಂಗೈಯಗಲದ ಪರದೆಗೆ ಮೂರು ಮಕ್ಕಳು ತಲೆಗೆ ತಲೆ ಹಚ್ಚಿ ಕೂತಿರುತ್ತಾರೆ. ಎದುರಿಗೆ ಮೂವತ್ತೆರಡು ಇಂಚಿನ ಟೀವಿ ಸುಮ್ಮನೆ ಕಪ್ಪಗೆ ನಿಂತಿರುತ್ತದೆ. ಎರಡನ್ನೂ ಕೂಡಿಸುವುದು ಒಂದು ಕೇಬಲ್ಲಿನ ಕೆಲಸ. ಆ ಕೇಬಲ್ ಯಾವುದು, ನಿಮ್ಮ ಮೊಬೈಲಿಗೆ ಅದು ಕೂಡುತ್ತದೆಯೇ, ಅಂಗಡಿಯಲ್ಲಿ ಏನು ಕೇಳಬೇಕು ಎಂಬುದನ್ನು ತಿಳಿದುಕೊಂಡು ಹೋದರೆ ದುಡ್ಡು ಉಳಿಯುತ್ತದೆ. ತಿಳಿಯದೆ ಹೋದವರ ಮನೆಯ ಮೊಳೆಗೆ ಉಪಯೋಗವಿಲ್ಲದ ಎರಡು ವೈರು ನೇತಾಡುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಗಡಿಯ ಮಗುವಿಗೆ ಇದು ಉಳಿದವರಿಗಿಂತ ಹೆಚ್ಚು ಬೇಕು. ಕಾರಣ ತಿಳಿಯಲು 2020ರ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಶಾಲೆಗಳು ಮುಚ್ಚಿದ್ದವು. ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ 'ಟಿಲಿಮಿಲಿ' ಎಂಬ ಪಾಠಮಾಲೆ ಬಂತು. ಬಾಲಭಾರತಿಯ ಪುಸ್ತಕವನ್ನೇ ಹಿಡಿದು, ಆದರೆ ಮರಾಠಿಯಲ್ಲಿ. ಅದೇ ತಿಂಗಳು ಚಂದನ ವಾಹಿನಿಯಲ್ಲಿ ಕರ್ನಾಟಕದ 'ಸಂವೇದ' ಇ-ತರಗತಿಗಳು ಮೊದಲು ಎಂಟರಿಂದ ಹತ್ತನೆಯ ತರಗತಿಯವರಿಗೆ ಬಂದವು. ಕನ್ನಡದಲ್ಲಿಯೇ, ಆದರೆ ಕರ್ನಾಟಕದ ಪುಸ್ತಕ ಹಿಡಿದು. ನಮ್ಮ ಮಗುವಿನ ಕೈಯಲ್ಲಿದ್ದದ್ದು ಪುಣೆಯ ಬಾಲಭಾರತಿ ಕನ್ನಡದಲ್ಲಿ ಅಚ್ಚು ಹಾಕಿಸಿದ ಪುಸ್ತಕ. ಒಂದು ಕಡೆ ಪಾಠ ಸರಿ, ಭಾಷೆ ಬೇರೆ. ಇನ್ನೊಂದು ಕಡೆ ಭಾಷೆ ಸರಿ, ಪಾಠ ಬೇರೆ. ನಾಲ್ಕನೆಯ ತರಗತಿಯಲ್ಲಿ ಬಹುಕಾಲದಿಂದ ಶಿವಾಜಿ ಮಹಾರಾಜರ ಚರಿತ್ರೆ ಓದುವ ಮಗುವಿಗೆ ಆ ಪಾಠ ಚಂದನದಲ್ಲಿ ಎಲ್ಲಿಂದ ಬರಬೇಕು? ಗಣಿತದಲ್ಲಿ ಭಿನ್ನರಾಶಿ ಎರಡೂ ಕಡೆ ಒಂದೇ, ವಿಜ್ಞಾನದಲ್ಲಿ ಎಲೆಯ ಕೆಲಸವೂ ಒಂದೇ. ಆದರೆ ಯಾವ ವಾರ ಯಾವ ಪಾಠ ಎಂಬ ಲೆಕ್ಕ ಎರಡೂ ಕಡೆ ಕೂಡುವುದಿಲ್ಲ.

ನನ್ನ ಓದು ಕನ್ನಡ, ತಮಿಳು ಎರಡರಲ್ಲೂ ಆದದ್ದರಿಂದ ಆ ಕಡೆಯ ಗಡಿಗಳನ್ನೂ ಗಮನಿಸುತ್ತಿರುತ್ತೇನೆ. ತಮಿಳುನಾಡು ಸರ್ಕಾರ 2019ರ ಆಗಸ್ಟಿನಲ್ಲಿ 'ಕಲ್ವಿ' ಎಂಬ ಶಿಕ್ಷಣ ವಾಹಿನಿಯನ್ನೇ ತೆರೆಯಿತು. ಅದರ ಪಾಠಗಳು ಹೆಚ್ಚಾಗಿ ತಮಿಳಿನಲ್ಲಿ. ಹೊಸೂರು, ತಾಳವಾಡಿ ಕಡೆಯ ಕನ್ನಡ ಮಕ್ಕಳದೂ ನಮ್ಮದೇ ಪಾಡು. ಕೇರಳದವರು ಮಾತ್ರ ಒಂದು ಹೆಜ್ಜೆ ಮುಂದೆ ಇಟ್ಟರು. 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ತರಗತಿಗಳನ್ನು ಶುರು ಮಾಡಿದ ಮೇಲೆ ಕನ್ನಡ ಮತ್ತು ತಮಿಳು ಮಾಧ್ಯಮದ ಪಾಠಗಳನ್ನೂ ಬೇರೆಯಾಗಿ ತಯಾರಿಸಿದರು. ಕಾಸರಗೋಡಿನ ಕನ್ನಡ ಮಗುವಿಗೆ ತನ್ನ ಪುಸ್ತಕದ ಪಾಠ ತನ್ನ ಭಾಷೆಯಲ್ಲಿ ದೊರಕಿತು. ಅಂಥದ್ದು ನಮ್ಮ ಕಡೆಯೂ ಆಗಲೆಂದು ಕೇಳುವುದು ಕೇಳೋಣ. ಅಲ್ಲಿಯವರೆಗೆ ಮಗು ಕಾಯುತ್ತ ಕೂಡಲಾಗದು.

ಟೀವಿಯಲ್ಲಿ ಕನ್ನಡ ಪಾಠ ಎಂಬುದು ಈ ಸೀಮೆಯ ನೆರೆಗೆ ಹೊಸದೂ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟೀವಿ ಚಿತ್ರ ಇಳಿಯಿತು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ಹತ್ತು ಅಡಿ ಅಗಲದ ತಂತಿಜಾಲರಿಯ ಆಂಟೆನಾ, ಊರಿಗೆಲ್ಲ ಒಂದು ಪೆಟ್ಟಿಗೆ, ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲವೂ ಅದರಲ್ಲಿತ್ತು. ಆರು ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರ ಇರಲಿಲ್ಲ. ಗುಲ್ಬರ್ಗಾ ಜಿಲ್ಲೆಗೆ ಬಂದ ಪೆಟ್ಟಿಗೆ ಗಡಿ ದಾಟಿ ಉಮರಗಾಕ್ಕೆ ಬರಲಿಲ್ಲ.

ಆಗಿನ ಆ ಪಾಠಕ್ಕೂ, ಈಗ ಪಿಎಂ ಇ-ವಿದ್ಯಾ ವಾಹಿನಿಗಳಲ್ಲಿ ಬರುವ ಪಾಠಕ್ಕೂ ಒಂದು ತೊಂದರೆ ಸಮಾನ. ಇ-ವಿದ್ಯಾದಲ್ಲಿ 2020ರಲ್ಲಿ ತರಗತಿಗೊಂದರಂತೆ 12 ವಾಹಿನಿಗಳೆಂದರು. 2022ರ ಬಜೆಟ್ಟಿನಲ್ಲಿ ಪ್ರಾದೇಶಿಕ ಭಾಷೆಗಳಿಗೂ ಸಿಗಲೆಂದು 200ಕ್ಕೆ ಏರಿಸುವುದಾಗಿ ಘೋಷಿಸಿದರು. ಎಷ್ಟೇ ವಾಹಿನಿ ಇದ್ದರೂ ಅದರ ವೇಳೆಗೆ ಮಗು ಕೂಡಬೇಕು. ಕರೆಂಟು ಹೋದರೆ ಪಾಠ ಹೋಯಿತು. 'ಏನಂದರು?' ಎಂದು ಕೇಳಿದರೆ ತಿರುಗಿ ಹೇಳುವವರಿಲ್ಲ. ಮೊಬೈಲು ಅಥವಾ ಲ್ಯಾಪ್‌ಟಾಪನ್ನು ಟೀವಿಗೆ ಕೂಡಿಸಿದರೆ ನಿಲ್ಲಿಸುವ ಗುಂಡಿ ನಿಮ್ಮ ಕೈಯಲ್ಲಿರುತ್ತದೆ. ಮೂವತ್ತು ಸಲ ಹಿಂದಕ್ಕೆ ತಂದು ಒಂದೇ ಲೆಕ್ಕವನ್ನು ನೋಡಬಹುದು. ಮಾಸ್ತರರಾದ ನಮಗೇ ಅಷ್ಟು ತಾಳ್ಮೆ ಇರುವುದಿಲ್ಲ.

ಟೀವಿಯ ಬೆನ್ನು

ಮೊದಲು ಟೀವಿಯನ್ನು ತುಸು ತಿರುಗಿಸಿ ಹಿಂಭಾಗ, ಪಕ್ಕ ಎರಡನ್ನೂ ನೋಡಿ. ದುಂಡನೆಯ ಮೂರು ತೂತುಗಳು ಹಳದಿ, ಬಿಳಿ, ಕೆಂಪು ಬಣ್ಣದಲ್ಲಿ ಇದ್ದರೆ ಅದು ಹಳೆಯ ಎವಿ ಜೋಡಣೆ. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡಗಡೆಯ ಧ್ವನಿ, ಕೆಂಪಿನಲ್ಲಿ ಬಲಗಡೆಯದು. ಡಿವಿಡಿ ಪ್ಲೇಯರಿನ ಕಾಲದಿಂದ ನೀವೆಲ್ಲ ಅದನ್ನು ಬಲ್ಲಿರಿ. ಅದರ ಹತ್ತಿರವೇ ಹೆಬ್ಬೆರಳಿನ ಉಗುರಿನಷ್ಟು ಅಗಲದ ಚಪ್ಪಟೆ ತೂತು ಇರುತ್ತದೆ. ಅದರ ಕೆಳಗಿನ ಎರಡು ಮೂಲೆ ಒಳಗೆ ಸರಿದಿರುತ್ತವೆ, ಪಕ್ಕದಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ ಬರೆದಿರುತ್ತದೆ. ಅದೇ ಎಚ್‌ಡಿಎಂಐ. ಎಲ್‌ಇಡಿ ಟೀವಿಗಳಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತವೆ, ಪಕ್ಕದಲ್ಲಿ ಒಂದು, ಎರಡು ಎಂದು ಅಂಕಿಯೂ ಇರುತ್ತದೆ. ಆ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಪೆನ್ ಡ್ರೈವ್ ಸಿಕ್ಕಿಸುವ ಯುಎಸ್‌ಬಿ ಬೇರೆ. ಕೆಲವು ಟೀವಿಗೆ ನೀಲಿ ಬಣ್ಣದ, ಹದಿನೈದು ಸಣ್ಣ ತೂತಿನ ವಿಜಿಎ ಕೂಡ ಇರುತ್ತದೆ. ಅದು 1987ರಲ್ಲಿ ಕಂಪ್ಯೂಟರುಗಳಿಗಾಗಿ ಬಂದದ್ದು, ಅದರಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ.

ಎಚ್‌ಡಿಎಂಐಯನ್ನು ಏಳು ಕಂಪನಿಗಳು ಕೂಡಿ 2002ರ ಡಿಸೆಂಬರಿನಲ್ಲಿ ಹೊರತಂದವು. ಒಳಗೆ ಹತ್ತೊಂಬತ್ತು ಸಣ್ಣ ಸಂಪರ್ಕಗಳಿದ್ದು, ಚಿತ್ರ ಮತ್ತು ಧ್ವನಿ ಎರಡೂ ಒಂದೇ ಕೇಬಲ್ಲಿನಲ್ಲಿ ಅಂಕಿಗಳಾಗಿ ಹೋಗುತ್ತವೆ. ಹಳದಿ ವೈರಿನಲ್ಲಿ ಹಾಗಲ್ಲ. ಅಲ್ಲಿ ಚಿತ್ರ ವಿದ್ಯುತ್ತಿನ ಏರಿಳಿತವಾಗಿ ಹರಿಯುತ್ತದೆ, ದಾರಿಯಲ್ಲಿ ಸವೆದದ್ದು ಸವೆದಂತೆಯೇ ಟೀವಿಗೆ ಮುಟ್ಟುತ್ತದೆ. ಜೊತೆಗೆ ಅದರ ಅಳತೆಯೇ ಚಿಕ್ಕದು: ಪರದೆಯಲ್ಲಿ ಕಾಣುವುದು 576 ಗೆರೆ, ಚುಕ್ಕಿಗಳ ಲೆಕ್ಕದಲ್ಲಿ ಸುಮಾರು ನಾಲ್ಕು ಲಕ್ಷ. ಎಚ್‌ಡಿಎಂಐಯಲ್ಲಿ 1920ಕ್ಕೆ 1080, ಅಂದರೆ ಇಪ್ಪತ್ತು ಲಕ್ಷ ಮೀರಿದ ಚುಕ್ಕಿಗಳು ಹೋಗುತ್ತವೆ.

ಸಿನಿಮಾ ನೋಡುವವರಿಗೆ ಈ ವ್ಯತ್ಯಾಸ ಅಂದಚೆಂದದ ಮಾತು. ಕನ್ನಡ ಕಲಿಯುವ ಮಗುವಿಗೆ ಹಾಗಲ್ಲ. ನಮ್ಮ ಲಿಪಿಯನ್ನು ನೋಡಿ: ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ, ಡ ಮತ್ತು ಢ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಡುವೆ ಇರುವುದು ಅಕ್ಷರದ ಹೊಟ್ಟೆಯ ಕೆಳಗಿನ ಒಂದು ಸಣ್ಣ ಗೀಟು. ಒತ್ತಕ್ಷರಗಳಂತೂ ಮೂಲ ಅಕ್ಷರದ ಅರ್ಧದಷ್ಟು ಗಾತ್ರದಲ್ಲಿ ಕೆಳಗೆ ಕೂತಿರುತ್ತವೆ. ಹಳದಿ ವೈರಿನಲ್ಲಿ ಬಂದ ಪಾಠದಲ್ಲಿ ಅಕ್ಷರ ಸಣ್ಣದಿದ್ದರೆ ಆ ಗೀಟು ಮಸುಕಾಗಿ ಹೊಟ್ಟೆಯೊಳಗೆ ಕರಗಿಬಿಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಅಷ್ಟು ಮಸುಕಿನಲ್ಲೂ ಗುರುತು ಸಿಗುತ್ತವೆ, ನಮ್ಮವು ಸಿಗುವುದಿಲ್ಲ. ಒಂದು-ಎರಡನೆಯ ತರಗತಿಯ ಮಗು 'ಧನ'ವನ್ನು 'ದನ' ಎಂದು ಓದಿದರೆ ಅದನ್ನು ಗದರಿಸುವ ಮುಂಚೆ ಟೀವಿಯ ಹಿಂದೆ ಯಾವ ವೈರು ಇದೆ ಎಂದು ನೋಡಿ. ಹಳದಿ ವೈರು ಸಾಕು, ಅದೂ ಚಿತ್ರ ತರುತ್ತದಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ಯಾವುದರಿಂದ ಪಾಠ ತರುವುದು

ಲ್ಯಾಪ್‌ಟಾಪ್ ಇದ್ದರೆ ಅದೇ ಎಲ್ಲಕ್ಕಿಂತ ಸರಳ. ಬಹುತೇಕ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಟೀವಿಯಲ್ಲಿರುವಂಥದ್ದೇ ಎಚ್‌ಡಿಎಂಐ ತೂತು ಇರುತ್ತದೆ. ಎರಡೂ ತುದಿ ಒಂದೇ ತರಹದ ಸಾದಾ ಕೇಬಲ್ ಸಾಕು. ಹಳೆಯ ಲ್ಯಾಪ್‌ಟಾಪಿಗೆ ಬರೇ ವಿಜಿಎ ಇದ್ದರೆ 'ವಿಜಿಎಯಿಂದ ಎಚ್‌ಡಿಎಂಐಗೆ' ಮಾಡುವ ಪರಿವರ್ತಕ ಬೇಕು. ಇಲ್ಲಿ ದಿಕ್ಕು ಬಹಳ ಮುಖ್ಯ. 'ಎಚ್‌ಡಿಎಂಐಯಿಂದ ವಿಜಿಎಗೆ' ಎಂಬುದು ನೋಡಲು ಹೆಚ್ಚುಕಡಿಮೆ ಹಾಗೆಯೇ ಇದ್ದು, ಹಿಂದುಮುಂದಾಗಿ ಕೆಲಸ ಮಾಡುವುದಿಲ್ಲ. ಅಂಗಡಿಯವರೂ ಎಷ್ಟೋ ಸಲ ಗಮನಿಸದೆ ಕೊಡುತ್ತಾರೆ. ಲ್ಯಾಪ್‌ಟಾಪಿನಿಂದ ಹೊರಡುವುದು ಯಾವುದು, ಟೀವಿಯೊಳಗೆ ಹೋಗುವುದು ಯಾವುದು ಎಂದು ಬಾಯಿಬಿಟ್ಟು ಹೇಳಿ ತೆಗೆದುಕೊಳ್ಳಿ. ವಿಜಿಎಯಲ್ಲಿ ಧ್ವನಿ ಇಲ್ಲದ್ದರಿಂದ ಇಯರ್‌ಫೋನಿನ ತೂತಿನಿಂದ ಪರಿವರ್ತಕಕ್ಕೆ ಬೇರೆ ಸಣ್ಣ ವೈರು ಬೇಕಾಗುತ್ತದೆ.

ಈಗ ಮೊಬೈಲಿನ ಮಾತು. ದುಡ್ಡು ಹೆಚ್ಚು ಹೋಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ಈಗಿನ ಮೊಬೈಲುಗಳ ಕೆಳಗೆ ಟೈಪ್-ಸಿ ಎಂಬ ಮೊಟ್ಟೆಯಾಕಾರದ ತೂತು ಇರುತ್ತದೆ. ಎಲ್ಲ ಮೊಬೈಲಿನದೂ ಹೊರಗಿನಿಂದ ಒಂದೇ ತರಹ. ಒಳಗೆ ಹಾಗಲ್ಲ. ಕೆಲವು ಫೋನಿನಲ್ಲಿ ಆ ತೂತಿನಿಂದ ಚಾರ್ಜು, ಫೈಲು ಮತ್ತು ಚಿತ್ರ ಮೂರೂ ಹೋಗುತ್ತವೆ. ಬಹಳಷ್ಟು ಕಡಿಮೆ ಬೆಲೆಯ ಫೋನಿನಲ್ಲಿ ಚಾರ್ಜು ಮತ್ತು ಫೈಲು ಮಾತ್ರ. ಚಿತ್ರ ಹೊರಗೆ ಕಳಿಸುವ ಈ ಏರ್ಪಾಟಿಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎನ್ನುತ್ತಾರೆ, 2014ರಲ್ಲಿ ಬಂದದ್ದು. ಸ್ಯಾಮ್‌ಸಂಗ್‌ನ ಎಸ್ ಸಾಲಿನ ದುಬಾರಿ ಫೋನು, 2023ರಿಂದ ಬಂದ ಟೈಪ್-ಸಿ ಐಫೋನು, ಇಂಥವುಗಳಲ್ಲಿ ಅದು ಇದೆ. ಹತ್ತು-ಹದಿನೈದು ಸಾವಿರದ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲದ ಫೋನಿಗೆ ಎಷ್ಟು ಒಳ್ಳೆಯ 'ಟೈಪ್-ಸಿಯಿಂದ ಎಚ್‌ಡಿಎಂಐ' ಕೇಬಲ್ ತಂದರೂ ಪರದೆ ಕಪ್ಪಗೇ ಇರುತ್ತದೆ. ಕೇಬಲ್ ಕೆಟ್ಟಿದೆ ಎಂದು ಬದಲಿಸಿ ತರುತ್ತಾರೆ, ಅದೂ ಕೆಲಸ ಮಾಡುವುದಿಲ್ಲ, ಕೊನೆಗೆ ಟೀವಿ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸುತ್ತಾರೆ. ಫೋನಿನ ಪೂರ್ತಿ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಅಥವಾ ವಿಡಿಯೊ ಔಟ್ ಎಂದು ಇದೆಯೇ ನೋಡಿ; ಬರೇ ಯುಎಸ್‌ಬಿ 2.0 ಎಂದಿದ್ದರೆ ಆಸೆ ಬಿಡಿ. ಇದೆಲ್ಲ ತಿಳಿಯದಿದ್ದರೆ ಇನ್ನೂ ಸುಲಭದ ದಾರಿ: ಫೋನನ್ನೇ ಅಂಗಡಿಗೆ ಒಯ್ದು, ಅವರ ಟೀವಿಗೆ ಹಚ್ಚಿ, ಚಿತ್ರ ಕಂಡ ಮೇಲೆ ದುಡ್ಡು ಕೊಡಿ. ಇನ್ನೊಂದು ಮಾತು: ಆ ತೂತಿನಲ್ಲಿ ಕೇಬಲ್ ಇದ್ದಾಗ ಚಾರ್ಜು ಹಾಕಲಾಗುವುದಿಲ್ಲ. ಚಾರ್ಜಿಗೆ ಬೇರೆ ತೂತು ಇರುವ ಅಡಾಪ್ಟರು ಸಿಗುತ್ತದೆ, ಅದನ್ನು ಕೇಳಿ.

ಕೇಬಲ್ ಕೂಡದ ಫೋನಿನವರು ಬರಿಗೈಯಲ್ಲಿ ಕೂಡಬೇಕಾಗಿಲ್ಲ. ಸ್ಮಾರ್ಟ್ ಟೀವಿ ಇದ್ದರೆ ಸ್ಕ್ರೀನ್ ಮಿರರಿಂಗ್ ಅಥವಾ ಕಾಸ್ಟ್ ಎಂಬ ಅನುಕೂಲದಿಂದ ಫೋನಿನ ಚಿತ್ರವನ್ನು ವೈರಿಲ್ಲದೆ ಟೀವಿಗೆ ಕಳಿಸಬಹುದು. ಮಿರಾಕಾಸ್ಟ್ ಎಂಬ ಬಗೆಗೆ ಇಂಟರ್ನೆಟ್ಟೂ ಬೇಡ, ಫೋನು–ಟೀವಿ ನೇರವಾಗಿ ಮಾತಾಡಿಕೊಳ್ಳುತ್ತವೆ. ಸಾದಾ ಟೀವಿಯವರು ಎಚ್‌ಡಿಎಂಐ ತೂತಿಗೆ ಸಿಕ್ಕಿಸುವ ಟೀವಿ ಸ್ಟಿಕ್ ತಂದರೆ ಅದು ಸ್ಮಾರ್ಟ್ ಆದಂತೆಯೇ. ಆದರೆ ಸ್ಟಿಕ್ಕಿಗೆ ವೈಫೈ ಬೇಕು, ಡಾಟಾ ಖರ್ಚು ಬೇಕು, ಜೊತೆಗೆ ಅದರೊಳಗಿನಿಂದ ಪಾಠಕ್ಕಿಂತ ಮೊದಲು ಕಾರ್ಟೂನು ಹೊರಬರುತ್ತದೆ ಎಂಬುದು ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮನೆಗೆ ಒಂದೇ ಫೋನು ಇದ್ದು, ಅದು ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೋ ಸೋಲಾಪುರಕ್ಕೋ ಹೋಗುವ ಮನೆಗಳೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ಕೇಬಲ್ಲಿಗಿಂತ ಪೆನ್ ಡ್ರೈವೇ ಮೇಲು ಎಂಬುದು ನನ್ನ ಅಭಿಪ್ರಾಯ. ಶಾಲೆಯ ಶಿಕ್ಷಕರು ತಮ್ಮ ಪಾಠವನ್ನು ಫೋನಿನಲ್ಲಿ ತೆಗೆದು ಎಂಪಿ-4 ಫೈಲಾಗಿ ಪೆನ್ ಡ್ರೈವಿಗೆ ಹಾಕಿಕೊಟ್ಟರೆ ಟೀವಿಯ ಯುಎಸ್‌ಬಿ ತೂತಿಗೆ ಸಿಕ್ಕಿಸಿದರಾಯಿತು. ಬಾಲಭಾರತಿಯ ಪುಸ್ತಕ, ನಮ್ಮ ಶಿಕ್ಷಕಿಯ ಧ್ವನಿ, ನಮ್ಮ ಕನ್ನಡ. ಯಾವ ವಾಹಿನಿಯೂ ಕೊಡದ ಪಾಠ ಅದು. ಪೆನ್ ಡ್ರೈವನ್ನು ಫ್ಯಾಟ್-32 ಬಗೆಯಲ್ಲಿ ಫಾರ್ಮ್ಯಾಟ್ ಮಾಡಿಸಿಡಿ, ಹಳೆಯ ಟೀವಿಗಳು ಬೇರೆ ಬಗೆಯನ್ನು ಓದದೆ ಇರಬಹುದು. ಅದರಲ್ಲಿ ಒಂದು ಫೈಲು 4 ಜಿಬಿ ಮೀರಬಾರದು. ಅರ್ಧ ಗಂಟೆಯ ಪಾಠಕ್ಕೆ ಅಷ್ಟು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಪಾಠ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಪುಸ್ತಕದಲ್ಲಿ ಕ್ಯೂಆರ್ ಕೋಡ್ ಎಂಬ ಚೌಕದ ಗುರುತಿದ್ದರೆ 2017ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ದೀಕ್ಷಾ ಆ್ಯಪಿನಿಂದ ಅದನ್ನು ಸ್ಕ್ಯಾನ್ ಮಾಡಿ. ಆ್ಯಪಿನಲ್ಲಿ ರಾಜ್ಯ ಮಹಾರಾಷ್ಟ್ರ, ಮಾಧ್ಯಮ ಕನ್ನಡ ಎಂದು ಆರಿಸುವುದನ್ನು ಮರೆಯಬೇಡಿ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಆದರೆ ಆ್ಯಪಿನ ಒಳಗೇ ನಡೆಯುತ್ತದೆ. ಪೆನ್ ಡ್ರೈವಿಗೆ ಸಾಮಾನ್ಯವಾಗಿ ಬಾರದು. ಗಣಿತ, ವಿಜ್ಞಾನಕ್ಕೆ ಸಂವೇದದ ಹಳೆಯ ಪಾಠಗಳು ಯೂಟ್ಯೂಬಿನಲ್ಲಿವೆ. ಅವುಗಳಲ್ಲಿ ನಮ್ಮ ಪುಸ್ತಕಕ್ಕೆ ಯಾವುದು ಹೊಂದುತ್ತದೆ ಎಂದು ಶಿಕ್ಷಕರನ್ನೇ ಕೇಳಿ ಗುರುತು ಹಾಕಿಸಿಕೊಳ್ಳಿ, ಪಾರಿಭಾಷಿಕ ಪದಗಳು ಅಲ್ಲಲ್ಲಿ ಬೇರೆಯಾಗಿರುತ್ತವೆ. ಮರಾಠಿ ವಿಷಯವನ್ನೂ ನಮ್ಮ ಮಕ್ಕಳು ಕಲಿಯಲೇಬೇಕಲ್ಲ. ಅದರ ಪಾಠಕ್ಕೂ ಇದೇ ಕೇಬಲ್ ಬರುತ್ತದೆ.

ಅಂಗಡಿಯಲ್ಲಿ

ಎಚ್‌ಡಿಎಂಐ ಕೇಬಲ್ಲಿಗೆ ಎರಡು ನೂರು, ಮೂರು ನೂರು ರೂಪಾಯಿಯೂ ಇದೆ, ಎರಡು ಸಾವಿರವೂ ಇದೆ. ಚಿನ್ನದ ಲೇಪ, ದಪ್ಪ ಹೆಣಿಗೆ, ಡಬ್ಬಿಯ ಮೇಲೆ 2.1 ಎಂಬ ಅಂಕಿ. ಇವುಗಳಿಂದ ಪಾಠದ ಚಿತ್ರ ಹೆಚ್ಚು ಚೆನ್ನಾಗಿ ಬರುತ್ತದೆ ಎಂದರೆ ನಂಬಬೇಡಿ. ಅಂಕಿಗಳಾಗಿ ಹೋಗುವ ಚಿತ್ರ ಮುಟ್ಟಿದರೆ ಪೂರ್ತಿ ಮುಟ್ಟುತ್ತದೆ; ಮುಟ್ಟದಿದ್ದರೆ ಬಿಳಿ ಚುಕ್ಕಿ ಮಿನುಗುತ್ತವೆ, ಚಿತ್ರ ಬಂದು ಹೋಗುತ್ತದೆ, ಇಲ್ಲವೆ ಏನೂ ಬರುವುದಿಲ್ಲ. ನಡುವಿನ 'ಸ್ವಲ್ಪ ಚೆನ್ನಾಗಿ' ಎಂಬುದು ಇಲ್ಲ. ಮನೆಯ ಮೂವತ್ತೆರಡು ಇಂಚಿನ ಟೀವಿಗೆ ಬೇಕಾದಷ್ಟನ್ನು 2002ರ ಮೊದಲ ಆವೃತ್ತಿಯೇ ಹೊರಬಲ್ಲದು. ನೋಡಬೇಕಾದ್ದು ಉದ್ದ. ಟೀವಿಯಿಂದ ಲ್ಯಾಪ್‌ಟಾಪ್ ಇಡುವ ಜಾಗದವರೆಗೆ ಹಗ್ಗ ಹಿಡಿದು ಅಳೆದು, ಒಂದು ಮೊಳ ಹೆಚ್ಚಿಗೆ ಸೇರಿಸಿ ತನ್ನಿ. ಮನೆಗೆ ಮೂರು ಮೀಟರು ಸಾಕು. ಹತ್ತು ಮೀಟರಿನ ಅಗ್ಗದ ಕೇಬಲ್ ಬೇಡ, ಉದ್ದವಾದಷ್ಟೂ ಚಿತ್ರ ಮುರಿಯುವ ಭಯ ಹೆಚ್ಚು. ಕ್ಯಾಮೆರಾ, ಟ್ಯಾಬುಗಳಿಗೆ ಬರುವ ಮಿನಿ, ಮೈಕ್ರೋ ಎಂಬ ಸಣ್ಣ ತುದಿಯ ಕೇಬಲ್ಲುಗಳೂ ಇವೆ, ತುದಿಯನ್ನು ಕಣ್ಣಾರೆ ನೋಡಿ ತನ್ನಿ.

ಡಬ್ಬದಂತಿರುವ ಹಳೆಯ ಟೀವಿ ಇದ್ದವರಿಗೆ 'ಎಚ್‌ಡಿಎಂಐಯಿಂದ ಎವಿಗೆ' ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಇಲ್ಲೂ ದಿಕ್ಕು ನೋಡಿ. ಚಿತ್ರ ಬರುತ್ತದೆ, ಅಕ್ಷರ ಮಸುಕೇ. ದೊಡ್ಡ ಮಕ್ಕಳ ವಿಜ್ಞಾನ ಪ್ರಯೋಗಕ್ಕೆ ನಡೆದೀತು; ಓದು ಕಲಿಯುವ ಮಗುವಿಗೆ ಬೇಡ.

ಹಚ್ಚಿದ ಮೇಲೆ

ಟೀವಿ, ಲ್ಯಾಪ್‌ಟಾಪ್ ಎರಡನ್ನೂ ಆರಿಸಿ, ಕೇಬಲ್ ಸಿಕ್ಕಿಸಿ, ಆಮೇಲೆ ಚಾಲು ಮಾಡಿ. ಚಾಲು ಇದ್ದಾಗ ಸಿಕ್ಕಿಸಿದರೂ ನಡೆಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಚಾರ್ಜರಿನ ಕರೆಂಟು ಲೋಹದ ತುದಿಗೆ ಬಂದು ಕೈ ಜುಮ್ಮೆನ್ನಿಸುವುದುಂಟು, ತೂತು ಸುಟ್ಟುಹೋಗುವುದೂ ಉಂಟು. ಮೂರು ಪಿನ್ನಿನ ಚಾರ್ಜರಿನ ಒಂದು ಪಿನ್ನು ಕತ್ತರಿಸಿ ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವ ನಮ್ಮ ಜಾಣತನವನ್ನು ದಯವಿಟ್ಟು ಬಿಡಿ. ಬೇಸಿಗೆಯ ಕೊನೆಗೆ ಗುಡುಗು-ಸಿಡಿಲಿನ ಮಳೆ ಬಂದಾಗ ಡಿಶ್ಶಿನ ವೈರು, ಎಚ್‌ಡಿಎಂಐ, ಪ್ಲಗ್ಗು ಮೂರನ್ನೂ ಸಿಡಿಲು ಶುರುವಾಗುವ ಮೊದಲೇ ತೆಗೆದಿಡಿ. ಡಿಶ್ಶಿಗೆ ಬಡಿದ ಸಿಡಿಲು ಅದೇ ದಾರಿಯಿಂದ ಲ್ಯಾಪ್‌ಟಾಪಿಗೂ ಹೋಗುತ್ತದೆ.

ಟೀವಿಯಲ್ಲಿ 'ನೋ ಸಿಗ್ನಲ್' ಎಂದು ಬಂದರೆ ಹೆದರಬೇಡಿ. ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿ, ಕೇಬಲ್ ಸಿಕ್ಕಿಸಿದ ತೂತಿನ ಅಂಕಿ ಆರಿಸಿ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುರುತಿನ ಕೀಲಿ ಹಿಡಿದು ಪಿ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ, ಡೂಪ್ಲಿಕೇಟ್ ಎಂಬುದನ್ನು ಆರಿಸಿ. ಚಿತ್ರ ಬಂದು ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿದರೆ ಕೆಳಗಿನ ಸ್ಪೀಕರ್ ಗುರುತನ್ನು ಒತ್ತಿ ಟೀವಿಯ ಹೆಸರು ಆರಿಸಬೇಕು. ಇನ್ನೊಂದು ತೊಂದರೆ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಕೆಲವು ಟೀವಿಗಳು ಚಿತ್ರವನ್ನು ತುಸು ಹಿಗ್ಗಿಸಿ ನಾಲ್ಕೂ ಅಂಚನ್ನು ಕತ್ತರಿಸುತ್ತವೆ. ಧಾರಾವಾಹಿಯಲ್ಲಿ ಗೊತ್ತಾಗದು, ಪಾಠದಲ್ಲಿ ಕೆಳಗಿನ ಸಾಲಿನ ಒತ್ತಕ್ಷರಗಳೇ ಹಾರಿಹೋಗಿರುತ್ತವೆ. ಟೀವಿಯ ಪಿಕ್ಚರ್ ಸೆಟಿಂಗಿನಲ್ಲಿ ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್ ಎಂದಿರುವುದನ್ನು ಆರಿಸಿದರೆ ಸರಿಹೋಗುತ್ತದೆ. ಫೋನಾದರೆ ಅಡ್ಡ ಹಿಡಿಯಿರಿ, ಪಾಠವನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡಿಗೆ ಹಾಕಿ; ಇಲ್ಲವಾದರೆ ನಿಮ್ಮ ಸಾಲದ ಕಂತಿನ ಸಂದೇಶವನ್ನು ಓಣಿಯ ಮಕ್ಕಳೆಲ್ಲ ಓದುತ್ತಾರೆ.

ಟೀವಿಗೆ ಒಂದೇ ಎಚ್‌ಡಿಎಂಐ ಇದ್ದು ಅದರಲ್ಲಿ ಡಿಶ್ಶಿನ ಪೆಟ್ಟಿಗೆ ಕೂತಿದ್ದರೆ ದಿನಾ ತೆಗೆದು ಹಾಕಿ ತೂತು ಸಡಿಲ ಮಾಡಬೇಡಿ. ಡಿಶ್ಶಿನ ಪೆಟ್ಟಿಗೆಯನ್ನು ಹಳದಿ ವೈರಿಗೆ ಬದಲಿಸಿ, ಚಪ್ಪಟೆ ತೂತನ್ನು ಪಾಠಕ್ಕೆ ಬಿಡಿ. ಧಾರಾವಾಹಿ ತುಸು ಮಸುಕಾದರೆ ಯಾರೂ ನಾಪಾಸಾಗುವುದಿಲ್ಲ. ಅದಕ್ಕೂ ಮನೆಯವರು ಒಪ್ಪದಿದ್ದರೆ ಎರಡು ಕೇಬಲ್ಲನ್ನು ಒಂದಕ್ಕೆ ಸೇರಿಸುವ ಎಚ್‌ಡಿಎಂಐ ಸ್ವಿಚ್ ಸಿಗುತ್ತದೆ.

ಶಾಲೆಯ ವಿಷಯ ಒಂದಿದೆ. ಯಾರೋ ದಾನ ಕೊಟ್ಟ ದೊಡ್ಡ ಟೀವಿ ಕೆಲವು ಶಾಲೆಗಳಲ್ಲಿ ಬಟ್ಟೆ ಹೊದ್ದು ಕೂತಿರುತ್ತದೆ. ಏಕೆಂದು ಕೇಳಿದರೆ ಕೇಬಲ್ ಇಲ್ಲ ಎನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಮರಾಠಿ ಮಾಧ್ಯಮದ ವರ್ಗಕ್ಕೆ ಡಿಜಿಟಲ್ ಪಾಠ ನಡೆಯುತ್ತಿದ್ದು ಪಕ್ಕದ ಕನ್ನಡ ವರ್ಗದಲ್ಲಿ ಬರೇ ಕರಿಹಲಗೆ ಇದ್ದರೆ, 'ಕನ್ನಡ ಶಾಲೆಯಲ್ಲಿ ಏನೂ ಇಲ್ಲ' ಎಂದು ಓಣಿಯಲ್ಲಿ ಮಾತು ಹುಟ್ಟುತ್ತದೆ. ಮುಂದಿನ ಜೂನಿನಲ್ಲಿ ಹಾಜರಿ ಪುಸ್ತಕದಿಂದ ಎರಡು ಹೆಸರು ಕಡಿಮೆಯಾಗುತ್ತವೆ. ವರ್ಗ ಒಡೆಯುವುದು ಹೀಗೆಯೇ. ಮುಂದಿನ ಸಮಿತಿ ಸಭೆಗೆ ಹೋಗುವವರು ಇವಿಷ್ಟನ್ನು ಕೇಳಿ ಬನ್ನಿ: ಟೀವಿಯ ಹಿಂದೆ ಎಚ್‌ಡಿಎಂಐ ತೂತು ಎಷ್ಟಿವೆ, ಶಾಲೆಯ ಲ್ಯಾಪ್‌ಟಾಪಿನಲ್ಲಿ ಯಾವುದಿದೆ, ಐದು ಮೀಟರಿನ ಕೇಬಲ್ಲಿಗೆ ಸಮಿತಿಯಿಂದ ಠರಾವು ಯಾವಾಗ ಮಾಡುತ್ತೀರಿ, ಮತ್ತು ವಾರದಲ್ಲಿ ಯಾವ ತಾಸು ಆ ಟೀವಿ ಕನ್ನಡ ವರ್ಗದ್ದು. ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ, ಸಹಿ ಮಾಡಿ.

ಕೇಬಲ್ ತಂದ ಮೇಲೆ ಅದನ್ನು ಬಿಗಿಯಾಗಿ ಮಡಚಿ ರಬ್ಬರು ಹಾಕಬೇಡಿ, ಒಳಗಿನ ತಂತಿ ಮುರಿಯುತ್ತದೆ. ತಟ್ಟೆಯಗಲದ ಸುರುಳಿ ಮಾಡಿ ತೂಗುಹಾಕಿ. ಎರಡೂ ತುದಿಗೆ ಒಂದೊಂದು ಬಿಳಿ ಪಟ್ಟಿ ಅಂಟಿಸಿ 'ಟೀವಿ', 'ಲ್ಯಾಪ್‌ಟಾಪ್' ಎಂದು ಕನ್ನಡದಲ್ಲಿ ಬರೆಯಲು ಮಗುವಿಗೇ ಹೇಳಿ.